ರಸ್ತೆ ದಾಟುವ ಎದೆಬಡಿತ

ಆಗಸ್ಟ್ ೮, ೨೦೦೫, ಸೋಮವಾರ

ಇವತ್ತು ಬೆಳಿಗ್ಗೆ ಅಪ್ಪ ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡು ಏನೋ ಹೇಳಿದರು. ನನಗೆ ಕೇಳಿಸಿದ್ದು ಗುಳುಗುಳು ಮಾತ್ರ. ಅಡುಗೆಮನೆಯೊಳಗಿಂದ ಅವ್ವ, "ಬಿಳಿ ಅಂಗಿ ಇಸ್ತ್ರಿ ಆಗಿಲ್ಲ, ನೀಲೀದ ಹಾಕ್ಕೊಳ್ರಿ" ಎಂದಳು. ಅಪ್ಪ ಸಮಾಧಾನದಿಂದ ತಲೆಯಾಡಿಸಿದರು. ಆ ಗುಳುಗುಳುವಿನಲ್ಲಿ ಅಂಗಿ ಎಲ್ಲಿತ್ತೋ ನನಗೆ ತಿಳಿಯಲಿಲ್ಲ.

ಹೊಸ ಕೆಲಸದ ಮೊದಲ ದಿನ. ನನ್ನ ಜೊತೆ ಬಿ.ಎ. ಓದಿದವರೆಲ್ಲ ಕಲ್ಕತ್ತೆಯ ಸೆಕ್ಟರ್ ಫೈವ್‌ನ ಗಾಜಿನ ಕಟ್ಟಡಗಳಲ್ಲಿ ಕುಳಿತು ಅಮೆರಿಕದವರ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾರೆ. ನಾನೂ ಒಂದು ಇಂಟರ್‌ವ್ಯೂಗೆ ಹೋಗಿದ್ದೆ. ಹೆಡ್‌ಫೋನ್ ಹಾಕಿಕೊಂಡು 'ಹಲೋ' ಎನ್ನಬೇಕಿತ್ತು. ಎಂದೆ. ಆ ಕಡೆಯವಳು "ಯಾರಾದರೂ ಇದ್ದೀರಾ?" ಎಂದಳು. ಮತ್ತೆ ಎಂದೆ. ಅವಳು ಫೋನ್ ಕೆಟ್ಟಿದೆಯೆಂದು ಮೆಕ್ಯಾನಿಕ್‌ನನ್ನು ಕರೆಸಿದಳು. ನಾನು ಹೆಡ್‌ಫೋನ್ ಮಡಚಿಟ್ಟು ಮನೆಗೆ ಬಂದೆ.

ಈ ಕೆಲಸ ಇಲ್ಲಿನ ಕನ್ನಡ ಸಂಘದ ಪರಿಚಯದಿಂದ ಸಿಕ್ಕಿದ್ದು. ಡಾಕ್ಟರ್ ಶಾಂತಾರಾಮ ಕುಂದಾಪುರದ ಕಡೆಯವರು, ಲೇಸರ್ ವಿಜ್ಞಾನಿ. ಸದರ್ನ್ ಅವೆನ್ಯೂ ಹಿಂದಿನ ಓಣಿಯಲ್ಲಿ ಎರಡು ಕೋಣೆ ಹಿಡಿದು ಸ್ವಂತ ಪ್ರಯೋಗಾಲಯ ನಡೆಸುತ್ತಾರೆ. ಅವರಿಗೆ ಸಮೀಕರಣ ಬರುತ್ತದೆ, ವಾಕ್ಯ ಬರುವುದಿಲ್ಲ. ಅವರ ಯಂತ್ರದ ಕೈಪಿಡಿ ನಾನು ಬರೆಯಬೇಕು. ಮೂರು ತಿಂಗಳು ನೋಡಿ ಆಮೇಲೆ ಕಾಯಂ ಮಾಡುತ್ತಾರಂತೆ.

ಬಸ್ಸಿನಲ್ಲಿ, ಇಳಿಯಬೇಕು ಎಂದು ಕಂಡಕ್ಟರಿಗೆ ಹೇಳಲಾಗದೆ ಗೋಲ್‌ಪಾರ್ಕಿನವರೆಗೂ ಹೋಗಿ ವಾಪಸು ನಡೆದು ಬಂದೆ. ನಡಿಗೆ ಒಳ್ಳೆಯದೇ.

ಆಗಸ್ಟ್ ೧೧

ಲೇಸರುಗಳು ಎರಡು. ಒಂದೇ ಹರಳಿನಿಂದ ಕತ್ತರಿಸಿದ ಅವಳಿಗಳು. ಪ್ರಯೋಗಾಲಯದ ತಂತ್ರಜ್ಞ ನಿತಾಯ್‌ದಾ ಅವಕ್ಕೆ ಬಂಗಾಳಿಯಲ್ಲಿ ಬೊಡೊ, ಛೋಟೊ ಎಂದು ಹೆಸರಿಟ್ಟಿದ್ದಾರೆ. ದೊಡ್ಡವನು, ಚಿಕ್ಕವನು.

"ನೋಡು ಪ್ರತೀಕ್ಷಾ," ಎಂದರು ಶಾಂತಾರಾಮ ಸರ್. "ಬೊಡೊನ ಬೆಳಕನ್ನು ಕನ್ನಡಿಯಲ್ಲಿ ತಿರುಗಿಸಿ ಅವನ ಮುಖಕ್ಕೇ ಬಿಡುವುದು. ಅವನಿಗೆ ತಲೆ ಕೆಡ್ತದೆ. ಹುಚ್ಚಾಪಟ್ಟೆ ಮಿನುಗಲಿಕ್ಕೆ ಶುರು ಮಾಡ್ತಾನೆ. ಆ ಹುಚ್ಚಿನ ಒಳಗೆ ನಮ್ಮ ಸಂದೇಶ ಅಡಗಿಸಿಡುವುದು. ಹೊರಗಿನವರಿಗೆ ಕಾಣುವುದು ಬರೀ ಹುಚ್ಚು. ಆದರೆ ಛೋಟೊ ಅವಳಿ ಅಲ್ಲವಾ? ಅಣ್ಣನ ಬೆಳಕು ಬಿದ್ದ ಕೂಡಲೇ ಅವನಿಗೂ ಅದೇ ನಮೂನೆ ಹುಚ್ಚು ಹಿಡೀತದೆ. ಅಣ್ಣ ಕಳಿಸಿದ್ದರಿಂದ ತಮ್ಮನ ಹುಚ್ಚು ಕಳೆದರೆ ಉಳಿಯುವುದು ಎಂತ?"

"ಸಂದೇಶ," ಎಂದೆ.

"ಎಂತ?"

"ಸಂದೇಶ."

"ಹಾಂ. ಅಷ್ಟೇ ಮಾರಾಯ್ತಿ. ಇದನ್ನು ಆಸ್ಪತ್ರೆಯವರಿಗೆ ಅರ್ಥ ಆಗುವ ಹಾಗೆ ಬರಿ."

ಅಪ್ಪನ ಪೇಸ್ಟಿನ ನೊರೆ ನೆನಪಾಯಿತು. ಅವ್ವ ಅಪ್ಪ ಒಂದೇ ಹರಳಿನ ತುಂಡುಗಳಿರಬೇಕು. ಹೇಳಬೇಕೆನಿಸಿತು. ಹೇಳಲಿಲ್ಲ.

ಯಂತ್ರ ಹೋಗುವುದು ಪಕ್ಕದ ನರ್ಸಿಂಗ್ ಹೋಮಿಗೆ. ಅವರದು ಎರಡು ಕಟ್ಟಡ, ನಡುವೆ ಒಂದು ಓಣಿ. ಹಳೆಯದರಲ್ಲಿ ಐಸಿಯು, ಹೊಸದರಲ್ಲಿ ಡ್ಯೂಟಿ ಡಾಕ್ಟರ ಕೋಣೆ. ರೋಗಿಯ ಎದೆಬಡಿತ ಈ ಕಡೆಯಿಂದ ಆ ಕಡೆಯ ಪರದೆಗೆ ಹೋಗಬೇಕು. ರೇಡಿಯೋ ಅಲೆಗಳಿಂದ ಔಷಧಿಯ ಪಂಪುಗಳು ಎಲ್ಲಿ ತಪ್ಪಿ ನಡೆದಾವೋ ಎಂಬ ಭಯಕ್ಕೆ ಐಸಿಯು ಹತ್ತಿರ ಮೊಬೈಲ್ ಸಹ ಬಿಡುವುದಿಲ್ಲ. ಅದಕ್ಕೇ ಕಿಟಕಿಯಿಂದ ಕಿಟಕಿಗೆ ಬೆಳಕು. ರೋಗಿಯ ಗುಟ್ಟು ಹೊರಗೆ ಹೋಗದಿರಲೆಂದು ಹುಚ್ಚು.

ಒಂದು ತಂತಿ ಎಳೆದರೆ ಆಗದೇ ಎಂದು ಕೇಳಬೇಕೆಂದಿದ್ದೆ. ಇಷ್ಟು ದೊಡ್ಡ ವಿಜ್ಞಾನಿಗೆ ಹೊಳೆಯದೆ ಇದ್ದೀತೇ ಎಂದು ಸುಮ್ಮನಾದೆ.

ಆಗಸ್ಟ್ ೧೯

ಮೊದಲ ಪರೀಕ್ಷೆ. ಐಸಿಯುವಿನ ಖಾಲಿ ಮಂಚದ ಮೇಲೆ ನಿತಾಯ್‌ದಾ ಮಲಗಿದರು. ಎದೆಗೆ ಅಂಟಿನ ಬಿಲ್ಲೆಗಳು. ಕಿಟಕಿಯಲ್ಲಿ ಬೊಡೊ. ಓಣಿಯ ಈಚೆ, ಡ್ಯೂಟಿ ಕೋಣೆಯಲ್ಲಿ ಛೋಟೊ, ಪರದೆ, ಶಾಂತಾರಾಮ ಸರ್, ಸಿಸ್ಟರ್ ಎಲಿಯಮ್ಮ ಮತ್ತು ನಾನು.

ಪರದೆಯ ಮೇಲೆ ನಿತಾಯ್‌ದಾ ಹೃದಯ ಪುಟಿಯತೊಡಗಿತು. ಸರ್ ಮಗುವಿನಂತೆ ಚಪ್ಪಾಳೆ ತಟ್ಟಿದರು. ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಒಬ್ಬ ಮನುಷ್ಯನ ಎದೆ ಬೆಳಕಾಗಿ, ಹುಚ್ಚಾಗಿ, ಓಣಿ ದಾಟಿ ಬಂದು ಮತ್ತೆ ಎದೆಯಾಗಿತ್ತು.

ಆಮೇಲೆ ಗೆರೆ ಸಪಾಟಾಯಿತು. ಪರದೆ ಕಿರುಚಿತು. ಸಿಸ್ಟರ್ ಎಲಿಯಮ್ಮ ಸೆರಗನ್ನೂ ನೋಡದೆ ಮೆಟ್ಟಿಲಿಳಿದು ಓಣಿ ದಾಟಿ ಹಳೆಯ ಕಟ್ಟಡ ಹತ್ತಿದರು. ಹಿಂದೆ ನಾವು. ನಿತಾಯ್‌ದಾ ಕಡಲೆಕಾಯಿ ತಿನ್ನುತ್ತ ಮಲಗಿದ್ದರು. ಬೊಡೊನ ಮುಂದೆ ಕಿಟಕಿಯ ಚಾಚಿನಲ್ಲಿ ಒಂದು ಪಾರಿವಾಳ.

ಎಲಿಯಮ್ಮ ಉಸಿರು ತಿರುಗಿಸಿಕೊಂಡು ನಿತಾಯ್‌ದಾಗೆ ಮಲಯಾಳದಲ್ಲಿ ಏನೇನೋ ಹೇಳಿದರು. ಅವರಿಗೆ ಒಂದು ಅಕ್ಷರವೂ ತಿಳಿಯಲಿಲ್ಲ, ಪೂರ್ತಿ ಅರ್ಥವಾಯಿತು. ಪಾರಿವಾಳ ಹಾರಿ ಓಣಿಯ ಮೇಲಿನ ತಂತಿಯಲ್ಲಿ ಕುಳಿತು ನಮ್ಮನ್ನು ನೋಡಿತು.

ಆಗಸ್ಟ್ ೨೪

ನಿತಾಯ್‌ದಾ ಇನ್ನು ಮಲಗುವುದಿಲ್ಲವಂತೆ. ಬದುಕಿರುವ ಮಗನ ಗೆರೆ ಸಪಾಟಾಯಿತೆಂದು ಅವರ ತಾಯಿ ಎರಡು ದಿನ ಊಟ ಬಿಟ್ಟಿದ್ದಾರೆ. ಸರ್ ನಮ್ಮ ಮನೆಗೆ ಫೋನ್ ಮಾಡಿದರು. ಆ ಮಂಚದ ಮೇಲೆ ಮಲಗುವಿರಾ ಎಂದು ಅವರು ಕೇಳಿ ಮುಗಿಸುವ ಮುಂಚೆಯೇ ಅಪ್ಪ ಒಪ್ಪಿದರು. ರೈಲ್ವೆ ಆಸ್ಪತ್ರೆಯಲ್ಲಿ ಉಚಿತ ತಪಾಸಣೆ ಎಂದರೆ ಹಬ್ಬಕ್ಕೆ ಹೋದಂತೆ ಹೋಗುವವರು ಅಪ್ಪ.

"ಇಷ್ಟ ಸಲ ಇಸಿಜಿ ತಗಸೀನಿ," ಎಂದರು ಊಟಕ್ಕೆ ಕುಳಿತಾಗ. "ನಾರ್ಮಲ್ ಅಂತ ಬರೆದು ಕೈಯಾಗ ಕೊಡ್ತಾರ. ಒಬ್ಬರೂ ಛಲೋ ಐತಿ ಅಂತ ಹೇಳಿಲ್ಲ. ಈಗ ನೋಡು, ವಿಜ್ಞಾನಕ್ಕ ಬೇಕಾತು."

"ಅಲ್ರೀ," ಎಂದಳು ಅವ್ವ ರೊಟ್ಟಿ ತಟ್ಟುತ್ತ, "ನಿಮ್ಮ ಎದಿ ಬಡಿತ ಯಾರ ಕದ್ದಕೊಂಡ ಹೊಕ್ಕಾರಂತ, ಅಷ್ಟ ಗುಟ್ಟಾಗಿ ಕಳಸಾಕ?"

"ನಿನಗ ತಿಳ್ಯೂದುಲ್ಲ ಚನ್ನಮ್ಮಾ. ಟೆಕ್ನಾಲಜಿ."

"ಹೂಂ. ಕದ್ದವರು ವಾಪಸ ತಂದ ಕೊಡ್ತಾರ."

ಸೆಪ್ಟೆಂಬರ್ ೨

ಅಪ್ಪನ ಎದೆಬಡಿತ ಚೆನ್ನಾಗಿದೆ. ಗೂಡ್ಸ್ ಗಾಡಿಯಂತೆ ಆತುರವಿಲ್ಲದೆ ಬರುತ್ತದೆ.

ಒಂದು ವಿಷಯ ಗಮನಿಸಿದೆ. ಬರೆದಿಡುತ್ತೇನೆ, ಯಾರಿಗೂ ಹೇಳುವುದಕ್ಕಲ್ಲ. ಪಾರಿವಾಳ ಕುಳಿತ ದಿನ ಎಲಿಯಮ್ಮ ಓಡಿದರು. ಮೊನ್ನೆ ಮಾಳಿಗೆಯ ಮೇಲೆ ಒಣಗಲು ಹಾಕಿದ್ದ ಸೀರೆ ಹಾರಿ ಬೆಳಕಿಗೆ ಅಡ್ಡ ಬಂದಾಗ ನಡೆದುಕೊಂಡು ಹೋದರು. ಇವತ್ತು ಗೆರೆ ಸಪಾಟಾದಾಗ ಕುಳಿತಲ್ಲಿಂದಲೇ ಕಿಟಕಿಯಾಚೆ ಇಣುಕಿ "ಹಕ್ಕಿ" ಎಂದರು, ಚಹಾ ಮುಗಿಸಿದರು. ಪರದೆ ಮೂರೂ ಸಲ ಒಂದೇ ದನಿಯಲ್ಲಿ ಕಿರುಚಿತು. ಬೆಳಕು ನಿಂತರೂ ಹೃದಯ ನಿಂತರೂ ಅದಕ್ಕೆ ಗೊತ್ತಿರುವುದು ಒಂದೇ ಗೆರೆ.

ಸರ್‌ಗೆ ಹೇಳಬೇಕು. ನಾಳೆ.

ಸೆಪ್ಟೆಂಬರ್ ೬

ನಾಲ್ಕು ನಾಳೆಗಳಾದವು.

ಇವತ್ತು ಕೈಪಿಡಿಯ ಕೊನೆಯ ಪುಟ. ಶೀರ್ಷಿಕೆ: 'ರೋಗಿಗೆ ಆಗಬಹುದಾದ ಅಪಾಯಗಳು'. ಸರ್ ನಿಂತುಕೊಂಡೇ ಹೇಳಿದರು: "ಯಾವುದೂ ಇಲ್ಲ. ಬರಿ."

ಬರೆದೆ. ಬರೆದು ನೋಡಿದೆ. ಇಷ್ಟು ಚಿಕ್ಕ ವಾಕ್ಯ ಇಷ್ಟು ದೊಡ್ಡ ಪುಟದ ನಡುವೆ ಒಂಟಿಯಾಗಿ ಕಾಣುತ್ತಿತ್ತು.

"ಸರ್, ಒಂದು ತಂತಿ ಎಳೆದಿದ್ದರೆ?" ಎಂದೆ. ನಾನು ಇವತ್ತು ಹೇಳಬೇಕೆಂದಿದ್ದದ್ದು ಅದಲ್ಲ, ಗೆರೆಯ ವಿಷಯ. ಬಾಯಿಗೆ ಬಂದದ್ದು ಅದು.

ಅವರಿಗೆ ಬೇಜಾರಾಗಲಿಲ್ಲ, ಖುಷಿಯಾಯಿತು. "ಒಳ್ಳೆ ಪ್ರಶ್ನೆ. ಓಣಿ ಅಗೆಯಲಿಕ್ಕೆ ಕಾರ್ಪೊರೇಷನ್ ಕೇಳಬೇಕು. ಮೇಲಿಂದ ಎಳೆಯಲಿಕ್ಕೆ ಕರೆಂಟಿನವರನ್ನು ಕೇಳಬೇಕು. ಎರಡಕ್ಕೂ ಪಾರ್ಟಿ ಆಫೀಸು ಕೇಳಬೇಕು. ನಿನ್ನ ಮೊಮ್ಮಗಳ ಮದುವೆಗೆ ಪರವಾನಗಿ ಬರ್ತದೆ. ಬೆಳಕಿಗೆ ಯಾರನ್ನು ಕೇಳಬೇಕು ಹೇಳು?"

ಹೌದೆನಿಸಿತು. ಅವರು ಹೋದಮೇಲೆ ಮತ್ತೆ ಆ ಪುಟ ನೋಡುತ್ತ ಕುಳಿತೆ.

ಸೆಪ್ಟೆಂಬರ್ ೧೨

ಆಸ್ಪತ್ರೆಯ ಆಡಳಿತ ಮಂಡಳಿಗೆ ಯಂತ್ರ ತೋರಿಸುವ ದಿನ ಗೊತ್ತಾಯಿತು: ಹದಿನೇಳು, ಶನಿವಾರ. ಮುಖ್ಯಸ್ಥ ಡಾಕ್ಟರ್ ಬಾಗ್ಚಿಗೆ ಅಂದೇ ಬಿಡುವು. ಒಪ್ಪಿಗೆಯಾದರೆ ದುರ್ಗಾಪೂಜೆಗೆ ಮೊದಲೇ ನಿಜವಾದ ರೋಗಿಗಳಿಗೆ ಹಾಕುತ್ತಾರೆ. ಮೂರು ತಿಂಗಳು ತುಂಬದಿದ್ದರೂ ನನ್ನ ಕೆಲಸವೂ ಕಾಯಂ.

ನಿತಾಯ್‌ದಾ ಕ್ಯಾಲೆಂಡರಿನ ಮುಂದೆ ನಿಂತು ಎರಡೂ ಕೈ ಎತ್ತಿಬಿಟ್ಟರು. ಅಂದು ವಿಶ್ವಕರ್ಮ ಪೂಜೆ. ಕಲ್ಕತ್ತೆಯಲ್ಲಿ ಆ ದಿನ ರಿಕ್ಷಾದಿಂದ ಹಿಡಿದು ಅಚ್ಚಿನ ಯಂತ್ರದವರೆಗೆ ಎಲ್ಲಕ್ಕೂ ರಜೆ. ಅವಕ್ಕೆ ಹೂವು ಹಾಕಬೇಕು, ಕೆಲಸ ಹೇಳಬಾರದು. "ಮೆಷಿನ್ ಧೊರ್ಬೊ ನಾ, ದಾದಾ," ಎಂದರು. ಯಂತ್ರ ಮುಟ್ಟುವುದಿಲ್ಲ.

ಎರಡು ಗಂಟೆ ಚರ್ಚೆಯಾಯಿತು. ಕೊನೆಗೆ ಒಪ್ಪಂದ: ಹದಿನಾರರ ಸಂಜೆಯೇ ಬೊಡೊ ಛೋಟೊರನ್ನು ಹಚ್ಚಿ ಬಿಡುವುದು. ಹದಿನೇಳಕ್ಕೆ ಯಾರೂ ಮುಟ್ಟುವುದಿಲ್ಲ. ಅವು ತಾವಾಗಿ ಇಷ್ಟಪಟ್ಟು ಕೆಲಸ ಮಾಡಿದರೆ ಅದು ಅವುಗಳ ಭಕ್ತಿ.

ಸೆಪ್ಟೆಂಬರ್ ೧೬

ಅವ್ವನೂ ಬರುತ್ತಾಳಂತೆ. "ಗಂಡನ ಎದಿ ಓಣ್ಯಾಗ ಹಾರಾಡತೈತಿ ಅಂದಮ್ಯಾಲೆ ನಾ ಮನ್ಯಾಗ ಹ್ಯಾಂಗ ಕುಂದರ್ಲಿ?"

ಅಪ್ಪ ಕ್ಷೌರ ಮಾಡಿಸಿಕೊಂಡು ಬಂದಿದ್ದಾರೆ. ಪರದೆಯ ಮೇಲೆ ತಲೆ ಕಾಣುವುದಿಲ್ಲ ಎಂದು ಹೇಳಿದೆ. ಇರಲಿ ಎಂದರು.

ಬಸ್ಸಿನಲ್ಲಿ ಮುದುಕಿಯೊಬ್ಬಳನ್ನು ಇಳಿಸದೆ ಹೊರಟ ಕಂಡಕ್ಟರಿಗೆ ನಿಲ್ಲಿಸಲು ಹೇಳಿದೆ. ನನ್ನ ನಿಲ್ದಾಣವೂ ಅದೇ ಆಗಿತ್ತು, ಇಳಿದೆ.

ಸೆಪ್ಟೆಂಬರ್ ೧೭, ಶನಿವಾರ

ಎಲ್ಲವನ್ನೂ ಬರೆಯಬೇಕು.

ವಿಶ್ವಕರ್ಮ ಪೂಜೆಯ ದಿನ ಈ ಊರು ಗಾಳಿಪಟ ಹಾರಿಸುತ್ತದೆ ಎಂಬುದು ನಮಗೆಲ್ಲರಿಗೂ ಗೊತ್ತು. ಹುಟ್ಟಿದಾಗಿನಿಂದ ನೋಡಿದ್ದೇನೆ. ಹಾಗಿದ್ದೂ ಎರಡು ಗಂಟೆ ಪೂಜೆಯ ಬಗ್ಗೆ ಚರ್ಚಿಸಿದ ನಮ್ಮಲ್ಲಿ ಒಬ್ಬರಿಗೂ ಆಕಾಶದ ನೆನಪಾಗಲಿಲ್ಲ. ಬೆಳಿಗ್ಗೆ ಬಸ್ಸಿಳಿದು ತಲೆಯೆತ್ತಿದರೆ ಪ್ರತಿ ಮಾಳಿಗೆಯ ಮೇಲೂ ಜನ, ಆಕಾಶದ ತುಂಬ ಕೆಂಪು ಹಸಿರು ಕಾಗದ.

ಅಪ್ಪ, ಅವ್ವ, ನಿತಾಯ್‌ದಾ ಹಳೆಯ ಕಟ್ಟಡದಲ್ಲಿ. ಡ್ಯೂಟಿ ಕೋಣೆಯಲ್ಲಿ ಡಾಕ್ಟರ್ ಬಾಗ್ಚಿ, ಮಂಡಳಿಯವರು, ಎಲಿಯಮ್ಮ, ರೇಷ್ಮೆ ಜುಬ್ಬಾ ಹಾಕಿದ ಶಾಂತಾರಾಮ ಸರ್. ನಾನು ಕೈಪಿಡಿ ಹಂಚಿ ಗೋಡೆಗೆ ಒರಗಿದೆ.

ಅಪ್ಪನ ಗೂಡ್ಸ್ ಗಾಡಿ ಸಮಯಕ್ಕೆ ಸರಿಯಾಗಿ ಬಂತು. ಎಲ್ಲರೂ ವ್ಹಾ ಎಂದರು. ಅಷ್ಟರಲ್ಲಿ ಮಾಳಿಗೆಯಿಂದ "ಭೋ ಕಾಟ್ಟಾ" ಎಂಬ ಕೂಗು. ಎದುರಾಳಿಯ ದಾರ ಕತ್ತರಿಸಿದಾಗ ಗೆದ್ದವರು ಕೂಗುವುದು. ಸೋತ ಪಟ ಓಲಾಡುತ್ತ ಓಣಿಗೆ ಇಳಿಯಿತು. ಗೆರೆ ಸಪಾಟು. ಪರದೆ ಕಿರುಚಿತು. ಡಾಕ್ಟರ್ ಬಾಗ್ಚಿ ಎದ್ದೇ ನಿಂತರು.

"ಗಾಳಿಪಟ ಸರ್, ಗಾಳಿಪಟ," ಎಂದರು ಶಾಂತಾರಾಮ ಸರ್, ನಗುತ್ತ. ಅಪ್ಪ ಮರಳಿ ಬಂದರು. ಬಾಗ್ಚಿ ಕುಳಿತರು.

ಮತ್ತೆ ಭೋ ಕಾಟ್ಟಾ. ಅಪ್ಪ ಹೋದರು, ಬಂದರು. ಬಾಗ್ಚಿ ಅರ್ಧ ಎದ್ದು ಕುಳಿತರು. ಮತ್ತೆ ಭೋ ಕಾಟ್ಟಾ. ಈ ಸಲ ಅವರು ಸಿಂಗಾಡಾದ, ಅಂದರೆ ಸಮೋಸಾದ, ತುದಿ ಮುರಿದು ಬಾಯಿಗೆ ಹಾಕಿಕೊಂಡರು. ಆಮೇಲಾಮೇಲೆ ಅದೊಂದು ಆಟವಾಯಿತು. ಕೂಗು ಕೇಳಿದೊಡನೆ ಮಂಡಳಿಯ ಒಬ್ಬರು ಅಪ್ಪನ ಹೆಸರು ಹಿಡಿದು "ಓಂಕಾರಪ್ಪ ಬಾಬು ಹೊರಟರು" ಎನ್ನುವರು, ಗೆರೆ ಪುಟಿದಾಗ ಇನ್ನೊಬ್ಬರು "ಮರೆತ ಚಪ್ಪಲಿಗೆ ವಾಪಸು ಬಂದರು" ಎನ್ನುವರು. ಎಲಿಯಮ್ಮನೂ ನಕ್ಕರು. ನಾನೂ ನಕ್ಕೆ.

ಹಾಗೆ ನಗುತ್ತಿದ್ದಾಗ ಗೆರೆ ಸಪಾಟಾಯಿತು, ಮೇಲೇಳಲಿಲ್ಲ.

ಪರದೆ ಕಿರುಚುತ್ತಲೇ ಇತ್ತು. "ಇದು ದೊಡ್ಡ ಪಟ," ಎಂದರು ಯಾರೋ. ಸರ್ ಕೈ ಚಾಚಿ ದನಿ ಬಂದ್ ಮಾಡಿದರು. ಚಹಾ ಬಂತು. ಲೋಟಗಳು ಕೈಯಿಂದ ಕೈಗೆ ಹೋದವು. ಸಕ್ಕರೆ ಇದೆಯೇ ಇಲ್ಲವೇ ಎಂಬ ಮಾತು ನಡೆಯಿತು. ನಾನು ಪರದೆ ನೋಡಿದೆ. ಭೋ ಕಾಟ್ಟಾ ಎಂದು ಈ ಸಲ ಯಾರೂ ಕೂಗಿರಲಿಲ್ಲ.

ಮೇಜಿನ ಮೇಲೆ ಇಂಟರ್‌ಕಾಮ್ ಇತ್ತು. ಎತ್ತಿ ಐಸಿಯುವಿಗೆ ಒತ್ತಿದೆ. ಆ ಕಡೆ ಗಂಟೆ ಬಾರಿಸುತ್ತಲೇ ಇತ್ತು.

"ಸರ್, ಅಪ್ಪ," ಎಂದೆ.

"ಪಟ ಮಾರಾಯ್ತಿ, ಕೂತ್ಕೊ."

ಅವರು 'ಕೂತ್ಕೊ' ಎನ್ನುವಷ್ಟರಲ್ಲಿ ನಾನು ಮೆಟ್ಟಿಲ ಮೇಲಿದ್ದೆ. ಒಂದು ಚಪ್ಪಲಿ ಅಲ್ಲೇ ಕಳಚಿತು. ಓಣಿ, ಹೂವಿನ ಹಾರ ಹಾಕಿದ ರಿಕ್ಷಾ, ಹಳೆಯ ಕಟ್ಟಡ, ಕತ್ತಲ ಮೆಟ್ಟಿಲು. ನನಗೆ ಗೊತ್ತಿರುವ ವಚನಗಳೆಲ್ಲ ಒಟ್ಟಿಗೆ ಬಾಯಿಗೆ ಬಂದು ಯಾವುದೂ ಪೂರ್ತಿಯಾಗಲಿಲ್ಲ.

ಅಪ್ಪ ಮಂಚದ ಮೇಲೆ ಕುಳಿತಿದ್ದರು. ಎದೆಯ ಮೇಲೆ ತಂತಿಗಳು, ತೊಡೆಯ ಮೇಲೆ ಪೂಜೆಯ ಖಿಚುಡಿಯ ತಟ್ಟೆ. "ಯಾಕವಾ, ಮುಗೀತೇನು? ಚಪ್ಪಲಿ ಎಲ್ಲಿ?" ಎಂದರು.

ಪಕ್ಕದ ಯಂತ್ರದಲ್ಲಿ ಅವರ ಗೂಡ್ಸ್ ಗಾಡಿ ನಿಧಾನವಾಗಿ ಹೋಗುತ್ತಿತ್ತು. ಖಿಚುಡಿಯ ಪರಿಣಾಮದಿಂದ ಇನ್ನೂ ನಿಧಾನ. ನಾನು ಗೋಡೆ ಹಿಡಿದು ನಿಂತೆ. ನಿತಾಯ್‌ದಾ ಕೆಳಗೆ ಪ್ರಸಾದ ಹಂಚಲು ಹೋಗಿದ್ದರು. ಇಂಟರ್‌ಕಾಮ್ ಕೂಗಿದ್ದು ಕೇಳಲಿಲ್ಲವೇ ಎಂದೆ. "ಬಡಕೊಂತು," ಎಂದರು ಅಪ್ಪ. "ಆಸ್ಪತ್ರಿದು, ನಾವ್ಯಾಕ ಮುಟ್ಟಬೇಕು? ಇವತ್ತ ಯಾವ ಮಷೀನೂ ಮುಟ್ಟಬಾರದಂತಲ್ಲ."

ಅವ್ವ ಕಿಟಕಿಯ ಬಳಿ ಕೈ ಮುಗಿದು ನಿಂತಿದ್ದಳು. ಬೊಡೊನ ಮೈಮೇಲೆ ನಿತಾಯ್‌ದಾ ಹಾಕಿದ ಚೆಂಡುಹೂವು, ಸಿಂಧೂರದ ಬೊಟ್ಟು. ಅದರ ಗಾಜಿನ ಕಣ್ಣಿನ ಮೇಲೆ, ಅಚ್ಚುಕಟ್ಟಾಗಿ, ಮೂರು ಬೆರಳಿನ ವಿಭೂತಿ.

"ಅವ್ವಾ, ಇದೇನು?"

"ಪೂಜಿ ಅಂದ್ರ ಬರೇ ಹೂವ ಹಾಕ್ಯಾರವಾ. ಇಬತ್ತಿ ಇಲ್ಲದ ಆಯುಧಪೂಜಿ ಎಲ್ಲರ ಐತೇನು? ನಿಮ್ಮಪ್ಪನ ಜೀವ ಇದರ ಕಣ್ಣಾಗಿಂದ ಹೊಕ್ಕೈತಿ. ಅದಕ್ಕ ಅಲ್ಲೇ ಹಚ್ಚಿದೆ."

ಸೆರಗಿನಿಂದ ಒರೆಸಿದೆ. ಓಣಿಯಾಚೆಯಿಂದ ಚಪ್ಪಾಳೆ ಕೇಳಿಸಿತು. ಅಪ್ಪ ಮರಳಿ ಬಂದಿದ್ದರು.

ಕಿಟಕಿಯಲ್ಲಿ ಬಗ್ಗಿ ನೋಡಿದೆ. ಅದೇ ಪಾರಿವಾಳ ಅದೇ ತಂತಿಯ ಮೇಲೆ ಕುಳಿತಿತ್ತು. ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಇವತ್ತು ಮೊದಲ ಸಲ ನೋಡಿದೆ. ಐಸಿಯು ಗೋಡೆಯಿಂದ ಹೊರಟು ಓಣಿ ದಾಟಿ ಡ್ಯೂಟಿ ಕೋಣೆಯ ಗೋಡೆಯೊಳಗೆ ಹೋಗಿತ್ತು. ಇಂಟರ್‌ಕಾಮಿನದು. ಎಷ್ಟೋ ವರ್ಷಗಳಿಂದ ಇದೆ, ಪಾರಿವಾಳದ ಹಿಕ್ಕೆ ನೋಡಿದರೆ ಗೊತ್ತಾಗುತ್ತದೆ.

ವಾಪಸು ಹೋದಾಗ ಕೋಣೆಯಲ್ಲಿ ಸಂಭ್ರಮ. ಡಾಕ್ಟರ್ ಬಾಗ್ಚಿ, "ದೊಡ್ಡ ಪಟವೇ ಇರಬೇಕು, ಅಲ್ಲವೇ?" ಎಂದು ಕೇಳಿದರು.

"ಅಲ್ಲ ಸರ್," ಎಂದೆ. "ನಮ್ಮ ತಾಯಿ ವಿಭೂತಿ ಹಚ್ಚಿದ್ದರು."

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಗು ಮುಗಿಯುವವರೆಗೆ ಕಾದೆ.

"ಆದರೆ ಅದು ನಮಗೆ ಗೊತ್ತಿರಲಿಲ್ಲ. ಗೆರೆ ಅಷ್ಟು ಹೊತ್ತು ಸಪಾಟಾಗಿತ್ತು, ಈ ಕೋಣೆಯಲ್ಲಿ ಯಾರೂ ಏಳಲಿಲ್ಲ. ಸಕ್ಕರೆ ಕೇಳಿದಿರಿ."

ಎಲಿಯಮ್ಮ ತಮ್ಮ ಲೋಟ ಕೆಳಗಿಟ್ಟರು. ನನಗೆ ಆಗ ನನ್ನ ಒಂದು ಕಾಲು ಬರಿಗಾಲೆಂದು ನೆನಪಾಗಿ ಅದನ್ನು ಇನ್ನೊಂದರ ಹಿಂದೆ ಇಟ್ಟುಕೊಂಡೆ.

ಸೆಪ್ಟೆಂಬರ್ ೧೮, ಭಾನುವಾರ

ಅಪ್ಪ ಬೆಳಿಗ್ಗೆಯಿಂದ ಸಂಘದ ಎಲ್ಲರಿಗೂ ಫೋನ್ ಮಾಡುತ್ತಿದ್ದಾರೆ. "ಎಷ್ಟ ಸಲ ಸತ್ತೆ ಅಂತೀ ಶಂಕರಲಿಂಗಾ? ಲೆಕ್ಕ ಇಲ್ಲ. ಡಾಕ್ಟರೆಲ್ಲಾ ನಿಂತ ನೋಡ್ಯಾರ." ಕುಳಿತು ನೋಡಿದರು ಎಂದು ತಿದ್ದಲಿಲ್ಲ.

ಅವ್ವನಿಗೆ ಬೇಜಾರಿಲ್ಲ. ವಿಭೂತಿ ಹಚ್ಚಿದ ಮೇಲೆ ಅಪ್ಪ ಒಂದು ಸಲವೂ ಸಾಯಲಿಲ್ಲ, ಒರೆಸಿದ ಮೇಲೆ ಮತ್ತೆ ಎರಡು ಸಲ ಸತ್ತರು ಎಂಬುದು ಅವಳ ವಾದ.

ಸರ್ ಫೋನ್ ಮಾಡಿದ್ದರು. ಕೋಪವಿರಲಿಲ್ಲ, ಆದರೆ ಮಾರಾಯ್ತಿ ಎನ್ನಲಿಲ್ಲ. ಮಂಡಳಿಗೆ ಯಂತ್ರ ಇಷ್ಟವಾಗಿದೆಯಂತೆ. ಮಂಗಳವಾರ ಅಪಾಯಗಳ ಪುಟ ಓದಿ ಸಹಿ ಮಾಡುತ್ತಾರಂತೆ. "ಗಾಳಿಪಟ, ವಿಭೂತಿ, ವರ್ಷಕ್ಕೊಂದು ದಿನ ಅಂತ ಒಂದು ಸಾಲು ಸೇರಿಸಿ ಮುಗಿಸುವ. ನಾನೇ ಓದ್ತೇನೆ, ನೀನು ಹೆದರಬೇಡ," ಎಂದರು. ಫೋನ್ ಇಡುವ ಮುಂಚೆ, "ಚಪ್ಪಲಿ ಇಲ್ಲಿಯೇ ಉಂಟು," ಎಂದರು. ಅವರ ಬೊಡೊ ಛೋಟೊ ಚೆನ್ನಾಗಿವೆ. ಅವಕ್ಕೆ ಒಂದು ಜಾಗ ಎಲ್ಲಾದರೂ ಇರಬೇಕು, ತಂತಿ ಹೋಗದ ಕಡೆ.

ಮಧ್ಯಾಹ್ನ ಅವ್ವ ಪಕ್ಕದ ಮನೆಗೆ ಹೋಗಿದ್ದಾಗ ಅಪ್ಪ ಬಾಯಿ ತುಂಬ ಪಾನ್ ಇಟ್ಟುಕೊಂಡು ಏನೋ ಗುಳುಗುಳಿಸಿದರು. ಬಿಳಿ ಅಂಗಿ ಬಾಗಿಲ ಹಿಂದೆ ಇದೆ ಎಂದೆ. ಅವರು ಕೇಳಿದ್ದು ಪೀಕದಾನಿ. ನಾನು ಆ ಹರಳಿನ ತುಂಡಲ್ಲ, ಬಾಯಿ ಬಿಡಿಸಿ ಹೇಳಿದರೆ ಮಾತ್ರ ತಿಳಿಯುವ ಜಾತಿ.

ಸಂಜೆ ಪುಟ ತೆಗೆದು 'ಯಾವುದೂ ಇಲ್ಲ' ಎಂಬುದನ್ನು ಹೊಡೆದುಹಾಕಿದೆ. ಮೂರು ವಾಕ್ಯ ಬರೆದೆ. ಬೆಳಕು ನಿಂತಾಗ ಪರದೆ ಗೆರೆ ಎಳೆಯಬಾರದು, 'ಕಾಣುತ್ತಿಲ್ಲ' ಎನ್ನಬೇಕು, ಬೇರೆಯೇ ದನಿಯಲ್ಲಿ. ಇಲ್ಲದಿದ್ದರೆ ಒಂದು ದಿನ ಯಾರೂ ಏಳುವುದಿಲ್ಲ. ಓಣಿಯ ಮೇಲೆ ಇಂಟರ್‌ಕಾಮಿನ ತಂತಿ ಆಗಲೇ ಇದೆ, ಮೊದಲು ಅದನ್ನು ನೋಡಬಹುದು.

ಮೂರನೆಯ, ತಂತಿಯ ವಾಕ್ಯದಿಂದ ನನ್ನ ಕೆಲಸವೂ ಹೋಗಬಹುದು. ಎರಡು ಸಲ ಹೊಡೆದುಹಾಕಿ ಎರಡು ಸಲ ಮತ್ತೆ ಬರೆದೆ. ಈಗ ಇದೆ.

ಮಂಗಳವಾರ ಪುಟವನ್ನು ಸರ್ ಕೈಗೆ ಕೊಡುವುದಿಲ್ಲ. ನಾನೇ ಓದುತ್ತೇನೆ, ನಿಂತುಕೊಂಡು. ಬಾರು ಗಟ್ಟಿಯಿರುವ ಚಪ್ಪಲಿ ಹಾಕಿಕೊಂಡು ಹೋಗಬೇಕು.